ಒಂದೇ ದಿನದಲ್ಲಿ ಬೆಂಗಳೂರಿನ ಹಳೇ ಗುಡಿಗಳು: ಮನೆಗೆ ಬಂದ ನೆಂಟರನ್ನ ನೀವೇ ಕರ್ಕೊಂಡ್ ಹೋಗಿ ತೋರಿಸೋದು ಹೇಗೆ

ಬೆಂಗಳೂರಿನ ಹಳೇ ದೇವಸ್ಥಾನಗಳನ್ನ ಒಂದೇ ದಿನದಲ್ಲಿ ನೋಡ್ಬೇಕು ಅಂದ್ರೆ ಮೊದ್ಲು ಲೆಕ್ಕ ಹಾಕ್ಬೇಕಾಗಿರೋದು ಬಾಗಿಲು ಹಾಕೋ ಟೈಮ್. ಟ್ರಾಫಿಕ್ಕು, ದೂರ ಎಲ್ಲ ಆಮೇಲೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲಾ ಹಳೇ ಗುಡಿಗಳೂ ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿ ಸಂಜೆ 5-6ರ ಮೇಲೆ ತೆಗೀತಾರೆ, ಹಂಗಾಗಿ ನಿಮ್ ದಿನ ತಾನಾಗೇ ಎರಡು ಭಾಗ ಆಗಿಬಿಡುತ್ತೆ, ಮಧ್ಯದ ಐದಾರು ಗಂಟೆಗೆ ಬಾಗಿಲಿನ ಗೋಜಿಲ್ಲದ ಜಾಗ ಹುಡುಕ್ಕೋಬೇಕು. ಇದನ್ನ ಯೋಚನೆ ಮಾಡದೆ ಹೊರಟವರು ಮಧ್ಯಾಹ್ನ ಒಂದು ಗಂಟೆಗೆ ಬಿಸಿಲಲ್ಲಿ ಬೀಗ ಹಾಕಿರೋ ಬಾಗಿಲ ಮುಂದೆ ನಿಂತಿರೋದನ್ನ ಬಸವನಗುಡಿ ಕಡೆ ಯಾವಾಗ್ ಬೇಕಾದ್ರೂ ನೋಡಬಹುದು, ಜೊತೇಲಿ ವಯಸ್ಸಾದವರು ಇದ್ರಂತೂ ಪಾಪ ಅನ್ಸುತ್ತೆ.

ಎರಡನೇದು, ಎಷ್ಟು ಗುಡಿ ಅನ್ನೋದು. ದಿನಕ್ಕೆ ಹತ್ತು ಹನ್ನೆರಡು ದೇವಸ್ಥಾನ ತೋರಿಸ್ತೀವಿ ಅನ್ನೋ ಪ್ಯಾಕೇಜ್ ಟೂರ್‌ಗಳಿವೆ, ದರ್ಶನ ಮಾಡಿ ಪುಣ್ಯ ಕಟ್ಕೊಳ್ಳೋರಿಗೆ ಅದು ಸರಿಯೇ. ವೀಕೆಂಡಲ್ಲಿ ಬಿಎಂಟಿಸಿಯ ದಿವ್ಯ ದರ್ಶನ ಬಸ್ಸೂ ಇದೆ, ಆದ್ರೆ ಅದರಲ್ಲಿ ಹೊಸ ಕಾಲದ ಗುಡಿಗಳೇ ಜಾಸ್ತಿ. ನಾನು ಹೇಳ್ತಿರೋದು ಹಳೇ ಕಲ್ಲು, ಹಳೇ ಶಾಸನ, ಈ ಊರು ಕೆಂಪೇಗೌಡರಿಗಿಂತ ಮುಂಚೆಯಿಂದ್ಲೂ ಇತ್ತು ಅನ್ನೋದನ್ನ ಕಣ್ಣಾರೆ ತೋರಿಸೋ ಗುಡಿಗಳ ಬಗ್ಗೆ. ಅದಕ್ಕೆ ಆರು ಏಳು ಸಾಕು. ಜೊತೆಗೆ ನಾನು ಎಲ್ಲರಿಗೂ ಹೇಳೋ ಒಂದು ಪದ್ಧತಿ ಇದೆ: ಒಂದು ಗುಡಿಯಲ್ಲಿ ಒಂದು ವಸ್ತುವನ್ನ ಮಾತ್ರ ಹತ್ತಿರ ನಿಂತು ಪೂರ್ತಿ ತೋರಿಸಿ, ಒಂದು ಕಂಬ ಆಗ್ಲಿ ಒಂದು ಶಾಸನ ಆಗ್ಲಿ ಒಂದು ಮೂರ್ತಿ ಆಗ್ಲಿ. ಇಸವಿ, ರಾಜರ ಹೆಸರು ಅಂತ ಒಂದೇ ಸಮ ಹೇಳ್ತಾ ಹೋದ್ರೆ ಮೂರನೇ ಗುಡಿ ಹೊತ್ತಿಗೆ ಮಕ್ಕಳು ಮೊಬೈಲ್ ತೆಗೀತಾರೆ, ದೊಡ್ಡವರು ಆಕಳಿಸ್ತಾರೆ.

ಯಾವ ದಿನ ಹೋಗ್ಬೇಕು

ಸೋಮವಾರ ಶಿವನ ಗುಡಿಗಳು ತುಂಬಿರುತ್ತೆ, ಶನಿವಾರ ವೆಂಕಟರಮಣನ ಗುಡಿ, ಸಂಕಷ್ಟಿ ದಿನ ದೊಡ್ಡ ಗಣಪತಿ ಹತ್ರ ಕ್ಯೂ ರೋಡಿಗೆ ಬಂದಿರುತ್ತೆ. ಬುಧವಾರ ಗುರುವಾರ ಆರಾಮ. ರಜ ಸಿಗಲ್ಲ ಅನ್ನೋರಿಗೆ ಭಾನುವಾರ, ಅವತ್ತು ಚಿಕ್ಕಪೇಟೆ ಅಂಗಡಿಗಳು ಬಹುಪಾಲು ಮುಚ್ಚಿರೋದ್ರಿಂದ ಪೇಟೆ ಬೀದಿಗಳಲ್ಲಿ ಉಸಿರಾಡ್ಕೊಂಡು ನಡೀಬಹುದು. ಸಂಕ್ರಾಂತಿ, ಶಿವರಾತ್ರಿ, ವೈಕುಂಠ ಏಕಾದಶಿ, ಕಾರ್ತಿಕ ಮಾಸದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ, ಇವೆಲ್ಲ ನೋಡಲೇಬೇಕಾದ ದಿನಗಳೇ, ಆದ್ರೆ ಒಂದೊಂದನ್ನೂ ಅದಕ್ಕೇ ಅಂತ ಹೋಗಿ ನೋಡಿ, ಟೂರ್ ಜೊತೆ ಸೇರಿಸ್ಬೇಡಿ. ಗ್ರಹಣ ಇದ್ರೆ ಬಹಳಷ್ಟು ಕಡೆ ಬಾಗಿಲೇ ತೆಗೆಯಲ್ಲ, ಪಂಚಾಂಗ ಒಂದ್ಸಲ ನೋಡ್ಕೊಳ್ಳಿ. ಧನುರ್ಮಾಸದಲ್ಲಿ ಬೆಳಗಿನ ಪೂಜೆ ಬೇಗ ಶುರುವಾಗುತ್ತೆ, ಚಳಿಗೆ ಹೆದರದವರಿಗೆ ಅದು ತುಂಬಾ ಒಳ್ಳೇ ಸಮಯ.

ತಯಾರಿ ಅಂತ ದೊಡ್ಡದೇನಿಲ್ಲ. ಆರು ಜನಕ್ಕಿಂತ ಜಾಸ್ತಿ ಬೇಡ, ಎರಡು ಆಟೋಗೆ ಸರಿಹೋಗ್ಬೇಕು. ಲೇಸ್ ಇರೋ ಶೂ ಬೇಡ, ದಿನವಿಡೀ ಬಿಚ್ಚಿ ಹಾಕೋದೇ ಕೆಲಸ ಆಗುತ್ತೆ, ಚಪ್ಪಲಿ ಹಾಕ್ಕೊಂಡು ಬರಕ್ಕೆ ಹೇಳಿ. ಬೇಸಿಗೇಲಿ ಅಂಗಳದ ಕಲ್ಲು ಸುಡುತ್ತೆ, ಅಜ್ಜಿ ತಾತಂದ್ರಿಗೆ ಒಂದು ಜೊತೆ ಕಾಟನ್ ಸಾಕ್ಸ್ ಬ್ಯಾಗಲ್ಲಿರ್ಲಿ. ಮಂಗಳಾರತಿ ತಟ್ಟೆಗೆ, ಚಪ್ಪಲಿ ಸ್ಟ್ಯಾಂಡಿಗೆ, ಅರ್ಚನೆ ಚೀಟಿಗೆ ಹತ್ತಿಪ್ಪತ್ತು ರೂಪಾಯಿ ಚಿಲ್ಲರೆ ಹಿಂದಿನ ದಿನವೇ ಮಾಡಿಟ್ಕೊಳ್ಳಿ. ಅರ್ಚನೆ ಮಾಡಿಸೋರು ಗೋತ್ರ, ನಕ್ಷತ್ರ ಮೊದಲೇ ನೆನಪು ಮಾಡ್ಕೊಂಡಿದ್ರೆ ಅರ್ಚಕರ ಮುಂದೆ ನಿಂತ್ಕೊಂಡು ಊರಿಗೆ ಫೋನ್ ಮಾಡೋದು ತಪ್ಪುತ್ತೆ. ಬಾತ್‌ರೂಮ್ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ: ಗುಡಿಗಳಲ್ಲಿ ನಂಬ್ಕೋಬೇಡಿ, ತಿಂಡಿ ಹೋಟ್ಲು, ಮೆಟ್ರೋ ಸ್ಟೇಷನ್ನು, ಊಟದ ಹೋಟ್ಲು ಈ ಮೂರು ಕಡೆ ಎಲ್ಲರನ್ನೂ ಕೇಳಿ ಕಳಿಸಿ.

ಬೆಳಗ್ಗೆ: ಹಲಸೂರಿಂದ ಶುರು ಮಾಡಿ

ಬಸವನಗುಡಿಯಿಂದ ಶುರು ಮಾಡೋದು ಎಲ್ಲರ ರೂಢಿ, ನನ್ನ ಪ್ರಕಾರ ಅದು ಸಂಜೆಗಿರ್ಲಿ. ಬೆಳಗ್ಗೆ ಆರೂಮುಕ್ಕಾಲು ಏಳಕ್ಕೆಲ್ಲ ಹಲಸೂರು ಸೋಮೇಶ್ವರ ದೇವಸ್ಥಾನದಲ್ಲಿರಿ. ಆ ಹೊತ್ತಲ್ಲಿ ಜನ ಕಮ್ಮಿ, ಬಿಸಿಲು ಓರೆಯಾಗಿ ಬೀಳೋದ್ರಿಂದ ಕೆತ್ತನೆಯ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತೆ, ನೆತ್ತಿ ಮೇಲೆ ಸೂರ್ಯ ಬಂದ್ಮೇಲೆ ಅದೇ ಕಂಬ ಸಪ್ಪೆಯಾಗಿ ಕಾಣುತ್ತೆ. ಈ ಗುಡಿಯ ಮೂಲ ಚೋಳರ ಕಾಲದ್ದು ಅಂತಾರೆ, ಈಗ ನಾವು ನೋಡೋ ಮಂಟಪ, ಗೋಪುರದ ಬಹುಭಾಗ ವಿಜಯನಗರದ ಕಾಲದ ಕೆಲಸ, ಯಲಹಂಕ ನಾಡಪ್ರಭುಗಳು ಅಂದ್ರೆ ಕೆಂಪೇಗೌಡರ ಮನೆತನದವರು ಮಾಡಿಸಿದ್ದು. ಗೌಡರ ಕನಸಲ್ಲಿ ಸೋಮೇಶ್ವರ ಬಂದು ನಿಧಿ ಇರೋ ಜಾಗ ತೋರಿಸಿ ಗುಡಿ ಕಟ್ಟಿಸು ಅಂದ ಅನ್ನೋ ಕತೆ ಇಲ್ಲಿನ ಹಳಬರೆಲ್ಲ ಹೇಳ್ತಾರೆ.

ಇಲ್ಲಿ ಹೊರಗಿನ ತೆರೆದ ಮಂಟಪದಲ್ಲಿ 48 ಕಂಬಗಳಿವೆ. ಎಲ್ಲಾ ತೋರಿಸಕ್ಕೆ ಹೋಗ್ಬೇಡಿ. ಮುಂಗಾಲೆತ್ತಿ ನಿಂತಿರೋ ಯಾಳಿ, ಅಂದ್ರೆ ಸಿಂಹದಂಥ ಕಾಲ್ಪನಿಕ ಪ್ರಾಣಿ, ಇರೋ ಒಂದು ಕಂಬದ ಮುಂದೆ ಎಲ್ಲರನ್ನೂ ನಿಲ್ಲಿಸಿ, ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ನೋಡಿಸಿ: ಸಿಂಹದ ಮೈ, ಗುಡ್ಡೆ ಕಣ್ಣು, ಬಾಯಿ, ಹಿಂದಿನ ಕಾಲಿನ ಬಿಗಿ. ಇಡೀ ಪ್ರಾಣಿ ಮತ್ತೆ ಅದರ ಹಿಂದಿನ ಕಂಬ ಎರಡೂ ಒಂದೇ ಕಲ್ಲಲ್ಲಿ ಬಂದಿರೋದು ಅಂತ ಹೇಳಿ ಸುಮ್ಮನಿರಿ, ಅವರೇ ಹಿಂದೆ ಮುಂದೆ ತಿರುಗಿ ನೋಡಕ್ಕೆ ಶುರು ಮಾಡ್ತಾರೆ. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ, ರಾವಣ ಕೈಲಾಸ ಎತ್ತುತಾ ಇರೋ ಕೆತ್ತನೆ ಇಲ್ಲೇ ಎಲ್ಲೋ ಇದೆ, ಹುಡುಕಿ ಅಂತ. ಗಿರಿಜಾ ಕಲ್ಯಾಣ, ಮಹಿಷಾಸುರನ್ನ ಕೊಲ್ತಿರೋ ದುರ್ಗೆ, ಸಪ್ತರ್ಷಿಗಳು, ತಮಿಳು ಶೈವ ಸಂತರಾದ ನಾಯನ್ಮಾರರು ಎಲ್ಲಾ ಈ ಗೋಡೆ ಕಂಬಗಳಲ್ಲೇ ಇದ್ದಾರೆ, ಹುಡುಕ್ತಾ ಹುಡುಕ್ತಾ ಅವೆಲ್ಲ ಕಣ್ಣಿಗೆ ಬೀಳುತ್ತೆ. ನಾಯನ್ಮಾರರ ಮುಂದೆ ದೊಡ್ಡವರಿಗೆ ಒಂದು ಮಾತು ಹೇಳಬಹುದು, 1004ರ ಸುಮಾರಿಗೆ ಚೋಳರು ಗಂಗವಾಡಿ, ಅಂದ್ರೆ ಗಂಗರ ನಾಡು, ಗೆದ್ದರು, 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ಅವರನ್ನ ಓಡಿಸಿದ, ಆ ನೂರು ಚಿಲ್ಲರೆ ವರ್ಷದ ಗುರುತು ಬೆಂಗಳೂರಿನ ಪೂರ್ವ ದಿಕ್ಕಿನ ಗುಡಿಗಳಲ್ಲಿ ಇವತ್ತಿಗೂ ಇದೆ.

ಹೊರಗೆ ಬಂದು ಕಲ್ಯಾಣಿ ನೋಡೋದನ್ನ ಮರೀಬೇಡಿ. ಮಣ್ಣು ಮುಚ್ಚಿ ಮರೆತೇ ಹೋಗಿತ್ತು, 2010ರಲ್ಲಿ ಅಗೆದಾಗ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಬಂತು. ಐದು ನಿಮಿಷ ಸಾಕು.

ತಿಂಡಿ ಹಲಸೂರಲ್ಲೇ ಮುಗಿಸಿ, ಮೆಟ್ರೋ ಹತ್ರ ದರ್ಶಿನಿಗಳಿವೆ. ಇಡ್ಲಿ ವಡೆ ಸಾಕು, ಹೊಟ್ಟೆ ಭಾರ ಆಗೋ ಹಂಗೆ ಬೇಡ.

ಆಮೇಲೆ ಆಟೋ ಹಿಡಿದು ದೊಮ್ಮಲೂರು ಚೊಕ್ಕನಾಥಸ್ವಾಮಿ ದೇವಸ್ಥಾನ. ಸುತ್ತ ಐಟಿ ಆಫೀಸು, ಪಬ್ಬು, ಫ್ಲೈಓವರ್ರು, ಮಧ್ಯದಲ್ಲಿ ದಿನ್ನೆ ಮೇಲೆ ಈ ಗುಡಿ ಇದೆ ಅಂತ ಅಲ್ಲೇ ಕೆಲಸ ಮಾಡೋ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೆಸರು ಕೇಳಿ ಶಿವನ ಗುಡಿ ಅನ್ಕೋಬೇಡಿ, ಒಳಗಿರೋದು ವಿಷ್ಣು, ಶ್ರೀದೇವಿ ಭೂದೇವಿ ಸಮೇತ. ಇಲ್ಲಿ ತೋರಿಸ್ಬೇಕಾದ ಒಂದೇ ವಸ್ತು ಶಾಸನ. ಗೋಡೆ ಮತ್ತೆ ಅಧಿಷ್ಠಾನದ (ಗುಡಿಯ ಬುಡದ ಕಟ್ಟೆ) ಮೇಲೆ ತಮಿಳು ಲಿಪಿಯ ಸಾಲುಗಳು ಓಡ್ತವೆ, ಹೊಯ್ಸಳರ ಕಾಲದವೂ ಇವೆ, ಅದರಲ್ಲಿ ಈ ಊರನ್ನ ತೊಂಬಲೂರು ಅಂತ ಕರೆದಿದ್ದಾರೆ. ಕೆಂಪೇಗೌಡರು ಬೆಂಗಳೂರು ಕೋಟೆ ಪೇಟೆ ಕಟ್ಟಿದ್ದು 1537ರಲ್ಲಿ, ಅದಕ್ಕಿಂತ ಸುಮಾರು ಮುನ್ನೂರು ವರ್ಷ ಮುಂಚೆನೇ ಇಲ್ಲಿ ದೇವರಿಗೆ ದಾನ ಕೊಟ್ಟವರ ಹೆಸರು ಕಲ್ಲಲ್ಲಿದೆ. ಅಕ್ಷರದ ಮೇಲೆ ಕೈಯಾಡಿಸ್ಬೇಡಿ, ಸುಣ್ಣ ಬೇಡ, ಎಣ್ಣೆ ಬೇಡ, ಅದರ ಮೇಲೆ ದೀಪ ಹಚ್ಚೋದಂತೂ ಬೇಡವೇ ಬೇಡ. ಓದಕ್ಕಾಗಲ್ಲ ಅನ್ನೋ ಬೇಜಾರಿದ್ರೆ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಾ ಇದ್ದಾರೆ, ಹೋಗೋ ಮುಂಚೆ ಮನೇಲೇ ಅದನ್ನ ನೋಡ್ಕೊಂಡ್ರೆ ಕಲ್ಲಿನ ಮುಂದೆ ನಿಂತಾಗ ಅಕ್ಷರ ಗುರುತು ಸಿಗುತ್ತೆ.

ಪೇಟೆ ಕಡೆ

ಒಂಬತ್ತೂಮುಕ್ಕಾಲಿಗೆ ದೊಮ್ಮಲೂರು ಬಿಡಿ. ಪೇಟೆಗೆ ಕಾರ್ ತರಲೇಬೇಡಿ, ಪಾರ್ಕಿಂಗ್ ಹುಡುಕೋದ್ರಲ್ಲೇ ಗುಡಿ ಬಾಗಿಲು ಹಾಕಿರ್ತಾರೆ. ಟ್ರಿನಿಟಿವರೆಗೆ ಆಟೋ, ಅಲ್ಲಿಂದ ನೇರಳೆ ಲೈನು, ಮೆಜೆಸ್ಟಿಕ್ಕಲ್ಲಿ ಇಳಿದು ಹಸಿರು ಲೈನು, ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಮೆಜೆಸ್ಟಿಕ್‌ನಲ್ಲಿ ಎಸ್ಕಲೇಟರ್ ಹತ್ರ ಊರಿನವರು ತಡವರಿಸ್ತಾರೆ, ನೀವು ಕೊನೆಯಲ್ಲಿರಿ, ದಾರಿ ಗೊತ್ತಿರೋ ಇನ್ನೊಬ್ಬರು ಮುಂದಿರ್ಲಿ.

ಚಿಕ್ಕಪೇಟೆಯಲ್ಲಿ ರಂಗನಾಥಸ್ವಾಮಿ ಗುಡಿ ಹತ್ತಿರದಲ್ಲೇ ಇದೆ, ಬೀದಿಗೂ ಅದೇ ದೇವರ ಹೆಸರು. ವಿಜಯನಗರ ಶೈಲಿಯ ಕಂಬಗಳನ್ನ ಒಂದು ಸುತ್ತು ನೋಡಿ ಹತ್ತು ಹದಿನೈದು ನಿಮಿಷಕ್ಕೆ ಹೊರಡಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ ಕೂಡ ನಡೆದು ಹೋಗೋ ದೂರದಲ್ಲೇ, ಚೈತ್ರ ಹುಣ್ಣಿಮೆಯ ಕರಗ ಹೊರಡೋದು ಅಲ್ಲಿಂದಲೇ, ದ್ರೌಪದಿ ಆರಾಧನೆಯ ಆ ಉತ್ಸವದಲ್ಲಿ ಕರಗ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತೆ. ಟೈಮ್ ಇದ್ರೆ ಮಾತ್ರ ಹೋಗಿ, ಯಾಕಂದ್ರೆ ಹನ್ನೊಂದೂಕಾಲಿಗೆ ನೀವು ಕೋಟೆ ವೆಂಕಟರಮಣನ ಮುಂದೆ ಇರಲೇಬೇಕು. ಅವೆನ್ಯೂ ರೋಡ್ ಹಿಡಿದು ಕೆ.ಆರ್. ಮಾರ್ಕೆಟ್ ಕಡೆ ನಡೀರಿ, ನಡೆಯೋಕೆ ಆಗದವರಿಗೆ ಒಂದು ಸ್ಟೇಷನ್ ಮೆಟ್ರೋ.

ಕೋಟೆ ವೆಂಕಟರಮಣ ದೇವಸ್ಥಾನ ಕಟ್ಟಿಸಿದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರು, 1689ರಲ್ಲಿ. ಆ ಇಸವಿಯ ಹಿಂದೆ ದೊಡ್ಡ ಕತೆಯೇ ಇದೆ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾಗಿ ಶಹಾಜಿ ಕೈಗೆ ಬಂತು, ಆಮೇಲೆ ಅವನ ಮಗ ಏಕೋಜಿ, ಆಮೇಲೆ 1687ರಲ್ಲಿ ಮೊಘಲರು ಹಿಡಿದ್ರು, ಅವರ ಕೈಯಿಂದ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಊರನ್ನ ತಗೊಂಡ್ರು ಅನ್ನೋದು ಇತಿಹಾಸ. ಊರು ಮೈಸೂರಿನವರ ಕೈಗೆ ಬಂದ ಆ ಹೊತ್ತಿನದೇ ಈ ಗುಡಿ. ಇಲ್ಲಿ ತೋರಿಸ್ಬೇಕಾದ್ದು ಎದುರಿಗಿರೋ ಗರುಡಗಂಬ ಮತ್ತೆ ಪಕ್ಕದ ಗೋಡೆ. ಬ್ರಿಟಿಷರ ಜೊತೆಗಿನ 1791ರ ಯುದ್ಧದಲ್ಲಿ ಫಿರಂಗಿ ಗುಂಡು ಪಕ್ಕದ ಟಿಪ್ಪು ಅರಮನೆ ಕಡೆ ಬಂದಾಗ ಈ ಕಂಬಕ್ಕೆ ಬಡಿದು ಟಿಪ್ಪು ಉಳಿದ ಅಂತ ಜನ ಹೇಳ್ತಾರೆ. ಅದು ನಡೆದದ್ದೋ ಬಿಟ್ಟದ್ದೋ, ಆದ್ರೆ ಗುಡಿಗೂ ಟಿಪ್ಪುವಿನ ಬೇಸಿಗೆ ಅರಮನೆಗೂ ಮಧ್ಯೆ ಒಂದು ಕಾಂಪೌಂಡ್ ಗೋಡೆ ಮಾತ್ರ ಇದೆ, ಬೆಳಗಿನ ಗಂಟೆ ಸದ್ದು ಅರಮನೆ ಬಾಲ್ಕನಿಗೆ ಕೇಳಿಸದೆ ಇರಕ್ಕೆ ಸಾಧ್ಯವೇ ಇಲ್ಲ. ಅಲ್ಲಿ ನಿಂತು ಇದನ್ನ ತೋರಿಸಿದ್ರೆ ಬೇರೆ ವಿವರಣೆನೇ ಬೇಡ.

ಮಧ್ಯಾಹ್ನದ ಬಿಸಿಲಿಗೆ

ಗುಡಿ ಬಾಗಿಲು ಹಾಕಿದ ಮೇಲೆ ಪಕ್ಕದ ಅರಮನೆಗೆ ಹೋಗಿ, ಟಿಕೆಟ್ ಇದೆ. 1781ರಲ್ಲಿ ಹೈದರಾಲಿ ಶುರು ಮಾಡಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು, ತೇಗದ ಕಂಬಗಳ ನೆರಳು ಮಧ್ಯಾಹ್ನದ ಹೊತ್ತಿಗೆ ತಣ್ಣಗಿರುತ್ತೆ. ಹತ್ರದಲ್ಲೇ ಕೋಟೆಯ ಉಳಿದ ತುಂಡು ಇದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನ ಹೈದರಾಲಿ ಕಲ್ಲಲ್ಲಿ ಕಟ್ಟಿಸಿದ, 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಒಳಗೆ ನುಗ್ಗಿದ ಜಾಗದಲ್ಲಿ ಫಲಕ ಹಾಕಿದ್ದಾರೆ. ಒಳಗೆ ಒಂದು ಗಣಪತಿ ಗುಡಿನೂ ಇದೆ.

ಊಟಕ್ಕೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಆಗಬಹುದು, 1924ರ ಹೋಟ್ಲು, ಸೋಮವಾರ ರಜ, ಭಾನುವಾರ ಕಾಯ್ಬೇಕಾಗುತ್ತೆ. ಕಾಯೋಕೆ ಆಗಲ್ಲ ಅಂದ್ರೆ ವಿ.ವಿ. ಪುರದ ಕಡೆ ಯಾವುದಾದ್ರೂ ಊಟದ ಹೋಟ್ಲು. ಊಟ ಆದ್ಮೇಲೆ ನಾಲ್ಕು ಗಂಟೆವರೆಗೆ ಲಾಲ್‌ಬಾಗಲ್ಲಿ ಮರದ ಕೆಳಗೆ ಎಲ್ಲರೂ ಸುಮ್ಮನೆ ಕೂತ್ಕೊಳ್ಳಿ. ಈ ಒಂದೂವರೆ ಗಂಟೆ ವಿಶ್ರಾಂತಿಯನ್ನ ಯಾವ ಕಾರಣಕ್ಕೂ ಕತ್ತರಿಸ್ಬೇಡಿ, ಸಂಜೆ ಗುಡಿಗಳಲ್ಲಿ ಮೆಟ್ಟಿಲಿದೆ, ಬಗ್ಗಿ ನಡೆಯೋದಿದೆ. ಎದ್ದು ಓಡಾಡೋ ಹುಮ್ಮಸ್ಸಿದ್ದವರು ಬಂಡೆ ಮೇಲಿನ ಕೆಂಪೇಗೌಡ ಗೋಪುರ ನೋಡ್ಕೊಂಡು ಬರ್ಲಿ.

ಸಂಜೆ: ಬಸವನಗುಡಿ, ಗವಿಪುರ

ನಾಲ್ಕೂಕಾಲಿಗೆ ಗಾಂಧಿ ಬಜಾರ್. ವಿದ್ಯಾರ್ಥಿ ಭವನದ ದೋಸೆ ಬೇಕು ಅನ್ನೋರು ಇದ್ದೇ ಇರ್ತಾರೆ, ಶುಕ್ರವಾರ ಬಾಗಿಲು ಹಾಕಿರುತ್ತೆ ಅನ್ನೋದು ಗೊತ್ತಿರ್ಲಿ. ಕಾಫಿ ಕುಡಿದು ಮೊದ್ಲು ಬ್ಯೂಗಲ್ ರಾಕ್ ಪಾರ್ಕಿಗೆ. ಕಾಲ ಕೆಳಗಿರೋ ಬಂಡೆ ಸುಮಾರು 300 ಕೋಟಿ ವರ್ಷದ್ದು, ಲಾಲ್‌ಬಾಗ್ ಬಂಡೆಯ ಜಾತಿಯದೇ. ಮರಗಳಲ್ಲಿ ಬಾವಲಿಗಳು ನೇತಾಡ್ತಿರ್ತವೆ, ಡಿವಿಜಿ ಪ್ರತಿಮೆನೂ ಅಲ್ಲೇ.

ಅಲ್ಲಿಂದ ದೊಡ್ಡ ಗಣಪತಿ, ಅಲ್ಲೇ ಹಿಂದೆ ದಿಬ್ಬದ ಮೇಲೆ ದೊಡ್ಡ ಬಸವಣ್ಣ. ಗಣಪತಿಯೂ ಒಂದೇ ಕಲ್ಲಿಂದು, ಬೆಣ್ಣೆ ಅಲಂಕಾರದ ದಿನ ಹೋದ್ರೆ ಕಣ್ಣು ಕೀಳಕ್ಕಾಗಲ್ಲ. ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ, ಒಂದೇ ಬಂಡೆ. ಎಲ್ಲರೂ ಮುಂದೆ ನಿಂತು ಕೈಮುಗಿದು ಹೊರಟುಬಿಡ್ತಾರೆ, ನೀವು ಪ್ರದಕ್ಷಿಣೆ ಮಾಡಿಸ್ತಾ ಹಿಂಬದಿಯಲ್ಲಿ ಒಂದು ನಿಮಿಷ ನಿಲ್ಲಿಸಿ, ಬಾಲ, ಬೆನ್ನಿನ ತಿರುವು, ಮಡಿಸಿದ ಕಾಲು ನೋಡ್ಲಿ. ಕಲ್ಲಿನ ಬಣ್ಣ ಮೂಲದಲ್ಲಿ ಬೂದು, ತಲೆತಲಾಂತರದಿಂದ ಎಣ್ಣೆ ಬಳಿದೂ ಬಳಿದೂ ಈ ಕಪ್ಪು ಮಿಂಚು ಬಂದಿದೆ. ಕತೆ ಹೇಳೋದಾದ್ರೆ, ಇದು ಸುಂಕೇನಹಳ್ಳಿ, ಸುತ್ತ ಕಡಲೆಕಾಯಿ ಹೊಲ, ರಾತ್ರಿ ಬಂದು ಬೆಳೆ ಮೇಯ್ತಿದ್ದ ಬಸವನ್ನ ರೈತ ಹೊಡೆದಾಗ ಅದು ಕಲ್ಲಾಗಿ ಕೂತಿತು, ಬೆಳೀತಾನೇ ಹೋಯ್ತು, ತಲೆ ಮೇಲೆ ತ್ರಿಶೂಲ ಇಟ್ಮೇಲೆ ನಿಂತಿತು ಅಂತ. ಮೊದಲ ಫಸಲು ಬಸವಣ್ಣನಿಗೆ ಕೊಡೋ ಹರಕೆಯೇ ಪರಿಷೆ ಆಯ್ತು. ವೃಷಭಾವತಿ ಹುಟ್ಟೋದು ಈ ಬಸವನ ಪಾದದಲ್ಲಿ ಅನ್ನೋ ನಂಬಿಕೆಯನ್ನೂ ಹೇಳಿ, ಕೆಂಗೇರಿ ಹತ್ರ ಆ ನದಿ ಈಗ ಯಾವ ಸ್ಥಿತೀಲಿದೆ ಅಂತಾನೂ ಹೇಳಿ, ನನಗಂತೂ ಅದನ್ನ ಹೇಳದೆ ಮುಂದಕ್ಕೆ ಹೋಗಕ್ಕೆ ಮನಸ್ಸು ಬರಲ್ಲ.

ಆರೂಕಾಲಿಗೆ ಗವಿ ಗಂಗಾಧರೇಶ್ವರ. ಇಡೀ ದಿನದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಒಳಗೆ ಹೋಗೋ ಮುಂಚೆ ಅಂಗಳದಲ್ಲೇ ನಿಲ್ಲಿಸಿ: ಏಕಶಿಲೆಯ ತ್ರಿಶೂಲ, ಡಮರು, ಮತ್ತೆ ಕಂಬದ ಮೇಲೆ ಕೂತಿರೋ ಎರಡು ದೊಡ್ಡ ಕಲ್ಲಿನ ಚಕ್ರ, ಸೂರ್ಯಪಾನ ಚಂದ್ರಪಾನ. ಸಂಕ್ರಾಂತಿ ಸಂಜೆ ಮುಳುಗೋ ಸೂರ್ಯನ ಕಿರಣ ನಂದಿಯ ಕೊಂಬಿನ ಮಧ್ಯೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳೋದು ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಂದ್ಸಲ, ತಿರುಗಿ ಬರುವಾಗ ಒಂದ್ಸಲ ಅದೇ ಜಾಗದಲ್ಲಿ ಮುಳುಗ್ತಾನೆ, ಹಂಗಾಗಿ ನವೆಂಬರ್ ಕೊನೆ ಡಿಸೆಂಬರ್ ಮೊದಲಲ್ಲೂ ಬೆಳಕು ಒಳಗೆ ಬರುತ್ತೆ. ಡೇನಿಯಲ್ ಎಂಬ ಚಿತ್ರಕಾರರು 18ನೇ ಶತಮಾನದ ಕೊನೆಯಲ್ಲಿ ಬರೆದ ಈ ಗುಡಿಯ ಚಿತ್ರಗಳಿವೆ, ಆಗಿನ ಕಟ್ಟಡಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಅಂತ ಫೋನಲ್ಲಿ ತೆಗೆದು ತೋರಿಸಿ, ಚೆನ್ನಾಗಿರುತ್ತೆ. ವಿಜಯನಗರದ ಸೆರೆಯಿಂದ ಬಿಡುಗಡೆಯಾಗಿ ಬಂದ ಕೆಂಪೇಗೌಡರು ಈ ಗುಡಿ ಮಾಡಿಸಿದ್ರು ಅನ್ನೋದು ಪ್ರತೀತಿ.

ಒಳಗೆ ಬಂಡೆಯ ಸೂರು ತುಂಬಾ ತಗ್ಗು, ಪ್ರದಕ್ಷಿಣೆಗೆ ಬಗ್ಗಿ ಹೋಗ್ಬೇಕು. ಬೆನ್ನು ನೋವು, ಇಕ್ಕಟ್ಟು ಅಂದ್ರೆ ಉಸಿರು ಕಟ್ಟೋರು ಲಿಂಗ ದರ್ಶನ ಮಾಡಿ ಹೊರಗೆ ಕೂತ್ಕೊಳ್ಳಿ, ದೇವರೇನೂ ಬೇಜಾರು ಮಾಡ್ಕೊಳಲ್ಲ. ಒಳಗಿರೋ ಅಗ್ನಿ ಮೂರ್ತಿಯನ್ನ ಮಾತ್ರ ತಪ್ಪಿಸ್ಬೇಡಿ. ಎರಡು ತಲೆ, ಮೂರು ಕಾಲು, ಏಳು ಕೈ. ಮಂದ ಬೆಳಕಲ್ಲಿ ಮೊದ್ಲು ಏನೂ ಗೊತ್ತಾಗಲ್ಲ, ಹತ್ತಿರ ನಿಂತು ಕೈಗಳನ್ನ ಒಂದೊಂದಾಗಿ ಎಣಿಸಕ್ಕೆ ಹೇಳಿ. ಅಗ್ನಿದೇವರ ಮೂರ್ತಿ ಇಷ್ಟು ಹತ್ರದಿಂದ ನೋಡೋ ಅವಕಾಶ ಬೇರೆ ಕಡೆ ಸುಲಭಕ್ಕೆ ಸಿಗಲ್ಲ.

ಎಲ್ಲಾ ಕಡೆಗೂ ಅನ್ವಯಿಸೋ ನಾಲ್ಕು ಮಾತು

ಗರ್ಭಗುಡಿ ಫೋಟೋ ಬೇಡ, ಹೊರಗಿನ ಕೆತ್ತನೆಗೂ ಒಂದು ಮಾತು ಕೇಳಿ ತೆಗೀರಿ. ಮಂಗಳಾರತಿ ನಡೀತಿರುವಾಗ ನಿಮ್ಮ ವಿವರಣೆ ನಿಲ್ಲಿಸಿ, ಗುಡಿ ಮೊದಲು ಪೂಜೆಗೆ ಬಂದವರದ್ದು. ಶಿವನ ಗುಡಿಯಲ್ಲಿ ನಂದಿಗೂ ಲಿಂಗಕ್ಕೂ ಮಧ್ಯೆ ಹಾದು ಹೋಗ್ಬೇಡಿ, ಅಭಿಷೇಕದ ನೀರು ಹೊರಗೆ ಬರೋ ಗೋಮುಖ ದಾಟಬಾರದು ಅನ್ನೋ ಪದ್ಧತಿನೂ ಹಲವರು ಪಾಲಿಸ್ತಾರೆ, ಗೌರವ ಕೊಡಿ. ಶಿಲ್ಪಕ್ಕೆ ಕುಂಕುಮ ಮೆತ್ತೋದು, ಕಾಯಿ ಒಡೆಯೋದು, ಕಂಬಕ್ಕೆ ಹೆಸರು ಗೀಚೋದು ಕಂಡ್ರೆ ಮಕ್ಕಳಿಗೆ ಅಲ್ಲೇ ತಿಳಿಸಿ ಹೇಳಿ. ಮತ್ತೆ ಅರ್ಚಕರ ಜೊತೆ ಎರಡು ಮಾತಾಡಿ, ಜನ ಕಮ್ಮಿ ಇದ್ದಾಗ "ಸ್ವಾಮಿ, ಇಲ್ಲಿ ಹಳೇದು ಯಾವುದು ತೋರಿಸಿ" ಅಂದ್ರೆ ಎಷ್ಟೋ ಕಡೆ ಖುಷಿಯಿಂದ ದೀಪ ಹಿಡಿದು ತೋರಿಸ್ತಾರೆ.

ನಿಮ್ ಮನೆ ಉತ್ತರದ ಕಡೆ ಇದ್ರೆ ಹಲಸೂರಿನ ಬದಲು ಮಲ್ಲೇಶ್ವರದಿಂದ ಶುರು ಮಾಡಬಹುದು. ಕಾಡು ಮಲ್ಲೇಶ್ವರನಿಗೆ ಮೇದರನಿಂಗನಹಳ್ಳಿಯನ್ನ ಏಕೋಜಿ ದಾನ ಕೊಟ್ಟ 1669ರ ಶಾಸನ ಇದೆ, ಎದುರಿಗೆ ನಂದಿ ತೀರ್ಥ, 1997ರಲ್ಲಿ ಮಣ್ಣು ತೆಗೆದಾಗ ಸಿಕ್ಕಿದ್ದು, ನಂದಿ ಬಾಯಿಂದ ಬರೋ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಸೇರುತ್ತೆ. ಸಂಪಿಗೆ ರಸ್ತೆ ಸ್ಟೇಷನ್‌ನಿಂದ ಚಿಕ್ಕಪೇಟೆಗೆ ಹಸಿರು ಲೈನಲ್ಲೇ ನೇರ ಹೋಗಬಹುದು. ಹಂಗೆ ಮಾಡಿದ್ರೆ ದೊಮ್ಮಲೂರು ಬಿಡಬೇಕಾಗುತ್ತೆ, ಎರಡೂ ಸೇರಿಸಕ್ಕೆ ಹೋಗ್ಬೇಡಿ.

ಬೇಗೂರು ಈ ದಿನಕ್ಕೆ ಸೇರಲ್ಲ, ದೂರ. ಆದ್ರೆ ನೆಂಟರು ಮಾರನೇ ದಿನವೂ ಉಳಿದ್ರೆ ಬೆಳಗ್ಗೆ ಅಲ್ಲಿಗೇ ಕರ್ಕೊಂಡ್ ಹೋಗಿ. ಗಂಗರ ಕಾಲದ ನಾಗೇಶ್ವರ ಗುಡಿ, ಸುಮಾರು 890ರ ವೀರಗಲ್ಲು, ಅದರಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿದೆ, ಈ ಊರಿನ ಹೆಸರು ಕಲ್ಲಲ್ಲಿ ಕಾಣೋದು ಅದೇ ಮೊದಲು. ಹಳೆಗನ್ನಡ ಲಿಪಿ, ನಿಧಾನಕ್ಕೆ ನೋಡ್ಬೇಕು, ಒಂದು ಗಂಟೆ ಇಟ್ಕೊಳ್ಳಿ, ಹಳದಿ ಲೈನಲ್ಲಿ ಹೊಂಗಸಂದ್ರಕ್ಕೆ ಬಂದು ಆಟೋ ಹಿಡಿಯೋದು ಈಗ ಸುಲಭ.